ಬರೆದ ವರ್ಷದ ಲೆಕ್ಕ, ಬರೆಯಲಿರುವ ವರ್ಷದ ಯೋಜನೆ

ಎಲ್ಲರಿಗೂ ನಮಸ್ಕಾರ.

ವರ್ಷ ಮುಗಿಯುವ ಹೊತ್ತಿಗೆ ಕಾದಂಬರಿಕಾರರು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ಒಂದೇ: ಎಷ್ಟು ಪುಟ ಆಯಿತು? ಉತ್ತರ ಹೇಳುವುದು ಸುಲಭ, ಅದರಿಂದ ತಿಳಿಯುವುದು ಕಡಿಮೆ. ಮುನ್ನೂರು ಪುಟ ಬರೆದರೂ ಕಥೆ ನಿಂತಲ್ಲೇ ನಿಂತಿರಬಹುದು. ನಲವತ್ತು ಪುಟ ಹೊಡೆದುಹಾಕಿದ ತಿಂಗಳಲ್ಲೇ ಕಾದಂಬರಿಗೆ ದಾರಿ ಸಿಕ್ಕಿರಬಹುದು. ಬರವಣಿಗೆ ಎಲ್ಲಿ ನಿಂತಿತು, ಏಕೆ ನಿಂತಿತು ಎಂಬುದನ್ನು ಹಸ್ತಪ್ರತಿಯಿಂದಲೇ ಪತ್ತೆ ಮಾಡುವುದು ಹೇಗೆ, ಮುಂದಿನ ವರ್ಷವನ್ನು ಆ ಉತ್ತರದ ಮೇಲೆ ಕಟ್ಟುವುದು ಹೇಗೆ ಎನ್ನುವುದಕ್ಕೆ ಈ ಹೊತ್ತನ್ನು ಮೀಸಲಿಡುತ್ತೇನೆ.

ಲೆಕ್ಕ ಹಾಕಬೇಕಾದರೆ ಮೊದಲು ದಾಖಲೆ ಇರಬೇಕು. ಪ್ರತಿದಿನ ಬರೆದು ಏಳುವ ಮುಂಚೆ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಕೂತ ಸಮಯ, ಬರೆದ ದೃಶ್ಯ, ಸೇರಿಸಿದ ಪದಗಳೆಷ್ಟು, ತೆಗೆದದ್ದೆಷ್ಟು, ನಾಳೆ ಎಲ್ಲಿಂದ ಶುರು ಎಂದು ಗುರುತು ಹಾಕಿಕೊಳ್ಳಿ. ಎರಡು ನಿಮಿಷದ ಕೆಲಸ. ಬ್ರಿಟಿಷ್ ಅಂಚೆ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಕಾದಂಬರಿಗಳ ಸಾಲನ್ನೇ ಬರೆದ ಆಂಟನಿ ಟ್ರಾಲಪ್ ಬೆಳಗಿನ ಜಾವ 5.30ಕ್ಕೆ ಮೇಜಿಗೆ ಕೂರುತ್ತಿದ್ದರು. ಗಡಿಯಾರ ಎದುರಿಗಿಟ್ಟು 15 ನಿಮಿಷಕ್ಕೆ 250 ಪದ ಬರೆಯುವ ಅವರ ಕ್ರಮ, ಅವರು ತೀರಿಕೊಂಡ ಮರುವರ್ಷ, 1883ರಲ್ಲಿ ಪ್ರಕಟವಾದ ಆತ್ಮಕಥೆಯಿಂದ ಲೋಕಕ್ಕೆ ಗೊತ್ತಾಯಿತು. ಎಲ್ಲರೂ ಆ 250 ಪದವನ್ನು ನೆನಪಿಟ್ಟುಕೊಳ್ಳುತ್ತಾರೆ. ಕೂತ ಮೂರು ಗಂಟೆಯಲ್ಲಿ ಮೊದಲ ಅರ್ಧ ಗಂಟೆಯನ್ನು ಹಿಂದಿನ ದಿನ ಬರೆದದ್ದನ್ನು ಓದುವುದಕ್ಕೇ ಇಡುತ್ತಿದ್ದರು ಎನ್ನುವುದು ಮಾತ್ರ ಮರೆತುಹೋಗುತ್ತದೆ. ನನ್ನ ಪ್ರಕಾರ ಆ ಅರ್ಧ ಗಂಟೆಯೇ ಅವರ ಕ್ರಮದ ಜೀವಾಳ. ಅದಿಲ್ಲದೆ ಬರೆದರೆ ಪಾತ್ರಗಳ ದನಿ ದಿನಕ್ಕೊಂದು ಥರ ಆಗುತ್ತದೆ.

ಪದಗಳ ಬಗ್ಗೆ ಒಂದು ಎಚ್ಚರಿಕೆ: ಇಂಗ್ಲಿಷ್ ಲೇಖಕರ ಸಂಖ್ಯೆಗಳನ್ನು ಕನ್ನಡಕ್ಕೆ ಹಾಗೇ ತರಬೇಡಿ. ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವ ನಮ್ಮ ಭಾಷೆಯಲ್ಲಿ ಅದೇ ದೃಶ್ಯ ಇನ್ನೂ ಕಡಿಮೆ ಪದಗಳಲ್ಲಿ ಮುಗಿಯುತ್ತದೆ. ದಿನಕ್ಕೆ 500 ಕನ್ನಡ ಪದ ಸಣ್ಣ ಕೆಲಸವೇನಲ್ಲ.

ಈಗ ಓದಿನ ವಿಷಯ. ವರ್ಷವಿಡೀ ಬರೆದದ್ದನ್ನು ಪರದೆಯ ಮೇಲೆ ಓದಬೇಡಿ, ಮುದ್ರಿಸಿಕೊಳ್ಳಿ. ಅಕ್ಷರ 14 ಪಾಯಿಂಟ್ ಇರಲಿ, ಸಾಲುಗಳ ನಡುವೆ ಒಂದೂವರೆ ಅಂತರ, ಬಲಗಡೆ ಅಗಲವಾದ ಅಂಚು. ಮೊದಲ ಓದಿನಲ್ಲಿ ಪೆನ್ನು ಕೈಗೆ ತೆಗೆದುಕೊಳ್ಳಬಾರದು. ಪೆನ್ನು ಹಿಡಿದ ತಕ್ಷಣ ವಾಕ್ಯ ತಿದ್ದುವ ಕೆಲಸ ಶುರುವಾಗಿ, ಕಥೆಯ ಮೇಲಿನ ಗಮನ ಹೋಗಿಬಿಡುತ್ತದೆ. ಎರಡನೇ ಓದಿನಲ್ಲಿ ಪ್ರತಿ ದೃಶ್ಯಕ್ಕೆ ಒಂದು ಸಾಲಿನಂತೆ ಪಟ್ಟಿ ಮಾಡಿ. ಅದು ಕಥೆಯೊಳಗೆ ಯಾವ ದಿನ ನಡೆಯುತ್ತದೆ, ಯಾರ ಕಣ್ಣಿನಿಂದ ಕಾಣುತ್ತದೆ, ಯಾರಿಗೆ ಏನು ಹೊಸದಾಗಿ ಗೊತ್ತಾಯಿತು, ಕೊನೆಯಲ್ಲಿ ಏನು ಬದಲಾಯಿತು ಎಂದು ಬರೆಯಿರಿ. ಈ ಕೊನೆಯ ಕಾಲಂ ಖಾಲಿ ಉಳಿದ ಕಡೆಯೆಲ್ಲ ನಿಂತು ನೋಡಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮನೆ ಮಾರುವ ವಿಚಾರಕ್ಕೆ ತಾಯಿ, ಮಗ ಜಗಳವಾಡುವ ಹನ್ನೆರಡು ಪುಟದ ಅಧ್ಯಾಯ. ಸಂಭಾಷಣೆ ಚೆನ್ನಾಗಿದೆ, ಇಬ್ಬರ ಸಿಟ್ಟೂ ನಿಜ ಅನಿಸುತ್ತದೆ. ಆದರೆ ಶುರುವಿನಲ್ಲಿ ಮಗನಿಗೆ ಮಾರಬೇಕಿತ್ತು, ಕೊನೆಯಲ್ಲೂ ಮಾರಬೇಕು. ತಾಯಿಗೆ ಬೇಡವಾಗಿತ್ತು, ಈಗಲೂ ಬೇಡ. ಹನ್ನೆರಡು ಪುಟ ಕಳೆದರೂ ಕಥೆ ಒಂದು ಹೆಜ್ಜೆ ಸರಿದಿಲ್ಲ. ಇಲ್ಲಿ ವಾಕ್ಯ ತಿದ್ದಿ ಪ್ರಯೋಜನವಿಲ್ಲ. ಮಗ ಆಗಲೇ ಮುಂಗಡ ತೆಗೆದುಕೊಂಡಿದ್ದಾನೆ, ಜಗಳದ ನಡುವೆ ಆ ರಸೀದಿ ತಾಯಿಯ ಕೈಗೆ ಸಿಗುತ್ತದೆ ಎಂದಿಟ್ಟುಕೊಳ್ಳಿ. ರಸೀದಿ ಸಿಕ್ಕಿದ ಮೇಲೆ ಅವಳು ಕೂಗಾಡುವುದಿಲ್ಲ, ಸುಮ್ಮನಾಗುತ್ತಾಳೆ. ಜಗಳದ ಐದು ಪುಟ ತಾನಾಗಿಯೇ ಉದುರಿಹೋಗುತ್ತದೆ. ಮುಂದಿನ ಅಧ್ಯಾಯದಲ್ಲಿ ಅವಳು ಮಗಳ ಮನೆಗೆ ಹೊರಟುಹೋಗುವುದಕ್ಕೆ ಈವರೆಗೆ ಇಲ್ಲದಿದ್ದ ಕಾರಣವೂ ಸಿಗುತ್ತದೆ. ಮುಂಗಡ ಪಡೆದ ದೃಶ್ಯವನ್ನು ಹಿಂದೆ ಎಲ್ಲೋ ಬರೆದಿಡಬೇಕೇ, ಓದುಗನಿಗೂ ಇಲ್ಲೇ ಗೊತ್ತಾಗಬೇಕೇ ಎಂಬುದು ಮುಂದಿನ ತೀರ್ಮಾನ. ಓದುಗನಿಗೆ ಮೊದಲೇ ಗೊತ್ತಿದ್ದರೆ ಜಗಳದ ಪ್ರತಿ ಮಾತಿನಲ್ಲೂ ಆತಂಕ ಇರುತ್ತದೆ; ಆಗ ಆ ಐದು ಪುಟದಲ್ಲಿ ಎರಡನ್ನು ಉಳಿಸಿಕೊಳ್ಳಬಹುದು.

ಬರವಣಿಗೆ ಪೂರ್ತಿ ನಿಂತುಹೋದ ಜಾಗವನ್ನು ನೋಟ್‌ಬುಕ್ಕೇ ತೋರಿಸುತ್ತದೆ: ಒಂದೇ ದೃಶ್ಯದ ಹೆಸರು ಮೂರು ವಾರ ಬಂದಿರುತ್ತದೆ, ಸೇರಿಸಿದ್ದಕ್ಕಿಂತ ತೆಗೆದದ್ದು ಜಾಸ್ತಿ ಇರುತ್ತದೆ. ನಿಂತ ಜಾಗದಲ್ಲೇ ತಪ್ಪು ಹುಡುಕುವುದು ವಾಡಿಕೆ, ಆದರೆ ತಪ್ಪು ಸಾಮಾನ್ಯವಾಗಿ ಎರಡು ಮೂರು ದೃಶ್ಯ ಹಿಂದಿರುತ್ತದೆ. ಅಲ್ಲಿ ಯಾವುದೋ ಪಾತ್ರ ತನ್ನ ಸ್ವಭಾವಕ್ಕೆ ಒಗ್ಗದ ಕೆಲಸವನ್ನು ಕಥೆಯ ಅನುಕೂಲಕ್ಕಾಗಿ ಮಾಡಿರುತ್ತದೆ. ಇಲ್ಲವೇ ಗುಟ್ಟು ಬೇಗ ಬಯಲಾಗಿ, ಮುಂದೆ ಯಾರಿಗೂ ಏನೂ ಬೇಕಿಲ್ಲದ ಹಾಗೆ ಆಗಿರುತ್ತದೆ. ಮೂರನೇ ಒಂದು ಭಾಗದ ಆಸುಪಾಸಿನಲ್ಲಿ ನಿಂತಿದ್ದರೆ ಶುರುವಿನಲ್ಲೇ ಪಾತ್ರಗಳನ್ನು ಹೆಚ್ಚು ತುಂಬಿರಬಹುದು. ಎಂಟು ಜನರಲ್ಲಿ ಯಾರ ಕಥೆ ಎಂಬುದು ಲೇಖಕರಿಗೇ ನಿರ್ಧಾರವಾಗಿರುವುದಿಲ್ಲ. ಮೊದಲ ಮೂರು ಅಧ್ಯಾಯಕ್ಕೆ ಒಂಬತ್ತು ಪ್ರತಿ ಇದ್ದು ಹತ್ತನೇ ಅಧ್ಯಾಯಕ್ಕೆ ಒಂದೂ ಇಲ್ಲದಿದ್ದರೆ, ಕೊನೆ ಗೊತ್ತಿಲ್ಲದ ಭಯ ಶುರುವನ್ನು ತಿದ್ದಿಸುತ್ತಿದೆ ಎಂದರ್ಥ. ಕೊನೆಯ ದೃಶ್ಯದ ಒರಟು ಕರಡನ್ನು ಈಗಲೇ ಬರೆಯಿರಿ. ಆಮೇಲೆ ಅದು ಬದಲಾದರೂ ಚಿಂತೆಯಿಲ್ಲ.

ವರ್ಷಗಟ್ಟಲೆ ಬರೆಯುವುದರಿಂದ ನುಸುಳುವ ತಪ್ಪುಗಳು ಬೇರೆ. ಏಳು ತಿಂಗಳಿಗೇ ಮಗು ಹುಟ್ಟಿಬಿಡುತ್ತದೆ, ಅಮಾವಾಸ್ಯೆಯ ಮರುರಾತ್ರಿ ಬೆಳದಿಂಗಳು ಚೆಲ್ಲುತ್ತದೆ. ಕಥೆಗೊಂದು ಕ್ಯಾಲೆಂಡರ್, ಪಾತ್ರಗಳ ವಯಸ್ಸಿನ ಪಟ್ಟಿ ಇದ್ದರೆ ಇವು ಸಿಕ್ಕಿಬೀಳುತ್ತವೆ. ಕನ್ನಡ ಕಾದಂಬರಿಗೆ ಇನ್ನೊಂದು ಪಟ್ಟಿ ಕಡ್ಡಾಯವಾಗಿ ಬೇಕು: ಯಾರು ಯಾರನ್ನು ಏಕವಚನದಲ್ಲಿ ಕರೆಯುತ್ತಾರೆ, ಯಾರನ್ನು ಬಹುವಚನದಲ್ಲಿ. ಮೂರನೇ ಅಧ್ಯಾಯದಲ್ಲಿ ಗಂಡನಿಗೆ ‘ನೀವು’ ಎನ್ನುವ ಹೆಂಡತಿ ಇಪ್ಪತ್ತನೆಯದರಲ್ಲಿ ‘ನೀನು’ ಎನ್ನುತ್ತಿದ್ದರೆ, ಅದು ನಡುವೆ ಬಿಟ್ಟ ನಾಲ್ಕು ತಿಂಗಳ ಫಲವೇ, ಅವರ ಸಂಬಂಧ ಬದಲಾದದ್ದರ ಗುರುತೇ? ಎರಡನೆಯದಾದರೆ, ಮೊದಲ ಸಲ ‘ನೀನು’ ಬಾಯಿಗೆ ಬಂದ ಗಳಿಗೆಯನ್ನು ಓದುಗ ಕಾಣಲೇಬೇಕು. ಅದನ್ನು ಬಿಟ್ಟುಬಿಡುವುದು ದೊಡ್ಡ ನಷ್ಟ. ಪ್ರಾದೇಶಿಕ ನುಡಿಯಲ್ಲಿ ಮಾತಾಡುವ ಪಾತ್ರ ನಡುವೆ ಗ್ರಾಂಥಿಕಕ್ಕೆ ಜಾರಿರುವುದನ್ನೂ ಈ ಓದಿನಲ್ಲೇ ಹಿಡಿಯಿರಿ. ಆ ಪಾತ್ರದ ಮಾತುಗಳನ್ನಷ್ಟೇ ಒಟ್ಟಿಗೆ ನಕಲು ಮಾಡಿ ಗಟ್ಟಿಯಾಗಿ ಓದಿದರೆ ಕಿವಿಯೇ ಹೇಳುತ್ತದೆ.

ತೆಗೆದ ಭಾಗಗಳನ್ನು ಅಳಿಸಬೇಡಿ, ಬೇರೆ ಕಡತದಲ್ಲಿಡಿ. ಕಡತದ ಹೆಸರಿನಲ್ಲೇ ದಿನಾಂಕವಿರಲಿ, ಮೂರು ಪ್ರತಿಗಳಲ್ಲಿ ಒಂದು ಮನೆಯ ಹೊರಗಿರಲಿ. ಯೂನಿಕೋಡ್‌ನಲ್ಲೇ ಬರೆಯಿರಿ. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಿಂದ ಪರಿವರ್ತಿಸಿದಾಗ ಅರ್ಕಾವತ್ತು, ಒತ್ತಕ್ಷರ ಕೆಡುವುದುಂಟು, ಕಾದಂಬರಿಯ ಗಾತ್ರದಲ್ಲಿ ಅವನ್ನು ಹುಡುಕಿ ತಿದ್ದುವುದು ವಾರಗಟ್ಟಲೆಯ ಕೆಲಸ.

ಇನ್ನು ಮುಂದಿನ ವರ್ಷ. ಹೊಸದೊಂದು 80,000 ಪದಗಳ ಕಾದಂಬರಿ ಎಂದುಕೊಳ್ಳಿ. ವರ್ಷಕ್ಕೆ 52 ವಾರ ಎಂದು ಭಾಗಿಸಿದ ಯೋಜನೆ ಮೊದಲ ಜ್ವರಕ್ಕೇ ಮುರಿದುಬೀಳುತ್ತದೆ. 40 ವಾರ ಎನ್ನಿ, ವಾರಕ್ಕೆ ನಾಲ್ಕು ದಿನ. 160 ಬಾರಿ ಕೂತು, ಪ್ರತಿ ಬಾರಿ 500 ಪದ ಬರೆದರೆ ಮೊದಲ ಕರಡು ಮುಗಿಯುತ್ತದೆ. ಅದನ್ನು ಆರು ವಾರ ಮುಟ್ಟದೆ ಇಡಬೇಕು. ಆಮೇಲೆ 60 ದೃಶ್ಯಗಳನ್ನು ವಾರಕ್ಕೆ ಮೂರರಂತೆ ತಿದ್ದಿದರೆ ಇನ್ನೂ 20 ವಾರ. ಒಟ್ಟು 66 ವಾರ ಆಯಿತು, ಬೇರೆಯವರು ಓದುವುದು, ಮೂರನೇ ಕರಡು, ಕರಡಚ್ಚು ತಿದ್ದುವುದು ಇನ್ನೂ ಸೇರಿಲ್ಲ. ಹಾಗಾಗಿ ವರ್ಷಕ್ಕೊಂದು ಕಾದಂಬರಿ ಎಂಬ ಸಂಕಲ್ಪವನ್ನು ಕೈಬಿಟ್ಟು, ಒಂದೂವರೆಯಿಂದ ಎರಡು ವರ್ಷದ ಅವಧಿ ಇಟ್ಟುಕೊಳ್ಳುವುದೇ ಸರಿ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ರಷ್ಯಾದ ಕಾದಂಬರಿಕಾರ ದಾಸ್ತೊಯೆವ್‌ಸ್ಕಿ 26 ದಿನದಲ್ಲಿ ‘ಜೂಜುಕೋರ’ ಕಾದಂಬರಿ ಮುಗಿಸಲಿಲ್ಲವೇ ಎಂದು ಕೇಳುವವರಿದ್ದಾರೆ. ಮುಗಿಸಿದರು, 1866ರ ಅಕ್ಟೋಬರಿನಲ್ಲಿ. ಶೀಘ್ರಲಿಪಿ ಬಲ್ಲ ಅನ್ನಾ ಸ್ನಿಟ್‌ಕಿನಾ ಅವರಿಗೆ ಹೇಳಿ ಬರೆಸಿದರು. ನವೆಂಬರ್ 1ರೊಳಗೆ ಕೊಡದಿದ್ದರೆ ಒಂಬತ್ತು ವರ್ಷ ಅವರ ಕೃತಿಗಳ ಹಕ್ಕು ಪ್ರಕಾಶಕನ ಪಾಲಾಗುವ ಕರಾರಿತ್ತು. ಆದರೆ ಜೂಜುಕೋರನ ಆ ಕಥೆಯ ರೂಪುರೇಷೆಯನ್ನು ಅವರು 1863ರಲ್ಲೇ ಪತ್ರವೊಂದರಲ್ಲಿ ಬರೆದಿದ್ದರು. ಮೂರು ವರ್ಷ ತಲೆಯಲ್ಲಿ ಬೆಳೆದದ್ದು 26 ದಿನದಲ್ಲಿ ಕಾಗದಕ್ಕೆ ಇಳಿಯಿತು. ನಮ್ಮ ಯೋಜನೆಯಲ್ಲೂ ಈ ಬೆಳೆಯುವ ಕಾಲಕ್ಕೆ ಜಾಗ ಬೇಕು. ಮುಂದಿನ ಮೂರು ಕಾದಂಬರಿಗಳ ಯೋಚನೆ ಇದ್ದರೆ ಒಂದೊಂದಕ್ಕೆ ಒಂದೇ ಪುಟ ಕೊಡಿ: ಯಾರಿಗೆ ಏನು ಬೇಕು, ಯಾವುದು ಅಡ್ಡ ಬರುತ್ತದೆ, ಅದು ಸಿಗಲು ಏನನ್ನು ಕಳೆದುಕೊಳ್ಳಬೇಕು. ಮೂರು ತಿಂಗಳಿಗೊಮ್ಮೆ ಆ ಪುಟ ತೆಗೆದು, ಹೊಸದೇನಾದರೂ ಹೊಳೆದಿದ್ದರೆ ಸೇರಿಸಿ. ವರ್ಷ ಕಳೆದರೂ ಒಂದು ಸಾಲು ಸೇರದ ಪುಟವನ್ನು ಬಿಟ್ಟುಬಿಡಬಹುದು. ಕೈಯಲ್ಲಿರುವ ಮೊದಲ ಕರಡು ಮುಗಿಯುವವರೆಗೆ ಇವುಗಳಲ್ಲಿ ಯಾವುದನ್ನೂ ಶುರು ಮಾಡಬಾರದು. ಹಳೆಯದು ಕಷ್ಟವಾದ ದಿನಗಳಲ್ಲೇ ಹೊಸದು ಚೆಂದ ಕಾಣುವುದು.

ಎರಡನೇ ಕರಡಿಗೆ ಮೂವರು ಓದುಗರು ಸಾಕು. ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎನ್ನುತ್ತಾರೆ. ಯಾವ ಪುಟದಲ್ಲಿ ಓದು ನಿಲ್ಲಿಸಿ ಎದ್ದಿರಿ, ಯಾವ ಪಾತ್ರದ ಹೆಸರು ಮರೆತುಹೋಯಿತು, ಮುಂದೇನಾಗುತ್ತದೆಂದು ಎಲ್ಲಿ ಮೊದಲೇ ಗೊತ್ತಾಯಿತು ಎಂದು ಕೇಳಿ. ಮೂವರಲ್ಲಿ ಇಬ್ಬರು ಒಂದೇ ಅಧ್ಯಾಯದಲ್ಲಿ ಎದ್ದಿದ್ದರೆ ಅಲ್ಲಿ ಕೆಲಸವಿದೆ. ಅದಕ್ಕೆ ಅವರು ಸೂಚಿಸುವ ಪರಿಹಾರವನ್ನು ಒಪ್ಪಲೇಬೇಕೆಂದೇನಿಲ್ಲ. ದೃಶ್ಯಗಳ ಪಟ್ಟಿ ತೆಗೆದು, ಅವರು ಎದ್ದ ಜಾಗಕ್ಕಿಂತ ಮೂರು ದೃಶ್ಯ ಹಿಂದಿನಿಂದ ಮತ್ತೆ ಓದುತ್ತಾ ಬನ್ನಿ.

ಈಗ ನಿಮ್ಮ ಪ್ರಶ್ನೆಗಳಿದ್ದರೆ ಕೇಳಬಹುದು.