ಟಿವಿ ಸ್ಟುಡಿಯೋ ತಡಮಾಡಿದ ಮದ್ದುಗುಂಡು

ನಮಸ್ಕಾರ. ಭದ್ರಾ ನಾಲೆಗೆ ನೀರು ಬಿಟ್ಟರು ಅಂತ ಸುದ್ದಿ ಬಂದ ದಿನವೇ ಕೊನೆಭಾಗದ ಗದ್ದೆಗೆ ನೀರು ಮುಟ್ಟಲ್ಲ ಅಂತ ದಾವಣಗೆರೆ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಮೆರಿಕ ಉಕ್ರೇನಿಗೆ ಕೊಡೋ ನೆರವೂ ಹಾಗೇ. ಅಲ್ಲಿನ ಚಾನೆಲ್‌ಗಳು ಮಾತ್ರ ಕೈಗೆ ಚೆಕ್ ಕೊಟ್ಟಂಗೆ ತೋರಿಸ್ತಾವೆ.

2024ರ ಏಪ್ರಿಲ್ ಮಸೂದೆ ತಗೊಳ್ಳಿ. ಸುಮಾರು 6,100 ಕೋಟಿ ಡಾಲರ್. ಅದರಲ್ಲಿ 2,300 ಕೋಟಿ ಚಿಲ್ಲರೆ ಅಮೆರಿಕದ್ದೇ ಶಸ್ತ್ರಾಗಾರ ಮತ್ತೆ ತುಂಬೋಕೆ. 1,380 ಕೋಟಿ ಹೊಸ ಶಸ್ತ್ರಗಳ ಗುತ್ತಿಗೆಗೆ. ದಾಸ್ತಾನಿಂದ ಎತ್ತಿಕೊಟ್ಟರೆ ಸರಕು ದಿನಗಳಲ್ಲೋ ವಾರಗಳಲ್ಲೋ ಮುಟ್ಟುತ್ತೆ. ಗುತ್ತಿಗೆ ಅಂದ್ರೆ ತಿಂಗಳುಗಟ್ಟಲೆ, ಕೆಲವಕ್ಕೆ ವರ್ಷ. 'ನಮ್ಮ ತೆರಿಗೆ ದುಡ್ಡು ಪರರ ಪಾಲು' ಅಂತ ಕೂಗೋರಿಗೆ ಈ ಲೆಕ್ಕ ಬೇಕಿಲ್ಲ.

ಮಾಧ್ಯಮ ವಿದೇಶಾಂಗ ನೀತಿಯನ್ನೇ ತಿರುಗಿಸಿಬಿಡುತ್ತೆ ಅನ್ನೋದು ದೊಡ್ಡ ಮಾತು. ಅದರ ಕೈಲಾಗೋದು ತಡ ಮಾಡೋದು. ಅಮೆರಿಕದ ಟಿವಿ ನಿರೂಪಕರಾಗಿದ್ದ, ಉಕ್ರೇನ್ ನೆರವನ್ನ ವಿರೋಧಿಸ್ತಿದ್ದ ಟಕರ್ ಕಾರ್ಲ್‌ಸನ್ ಮಾಡಿದ ಪುಟಿನ್ ಸಂದರ್ಶನ ಹೊರಬಿದ್ದದ್ದು 2024ರ ಫೆಬ್ರವರಿ 8ಕ್ಕೆ. ಐದೇ ದಿನಕ್ಕೆ ಮೇಲ್ಮನೆ ಸೆನೆಟ್ 70–29ರಲ್ಲಿ ನೆರವು ಪಾಸ್ ಮಾಡ್ತು! ಸಿಕ್ಕಿಕೊಂಡದ್ದು ಕೆಳಮನೆಯಲ್ಲಿ. ಅಲ್ಲಿನ ಸದಸ್ಯರು ಎರಡು ವರ್ಷಕ್ಕೊಮ್ಮೆ ಜನರ ಮುಂದೆ ನಿಲ್ಲಬೇಕು. ಅದಕ್ಕೂ ಮೊದಲು ಪಕ್ಷದ ಒಳಚುನಾವಣೆ ಗೆಲ್ಲಬೇಕು. ಅದಕ್ಕೆ ವೋಟು ಹಾಕೋರು ಕಮ್ಮಿ, ಬಹುಪಾಲು ಕಟ್ಟಾ ಪಕ್ಷದವರು, ಕಾರ್ಲ್‌ಸನ್ ಥರದವರ ಶೋಗಳನ್ನ ತಪ್ಪದೆ ನೋಡೋರು. ನಮ್ಮಲ್ಲಿ ಟಿಕೆಟ್ ಹೈಕಮಾಂಡ್ ಕೈಲಿರೋದ್ರಿಂದ ಅಂಥ ಮತದಾರರು ಮುನಿದ್ರೆ ಟಿಕೆಟ್ಟೇ ಹೋಯ್ತು ಅನ್ನೋ ಹೆದರಿಕೆ ನಮಗೆ ಅಷ್ಟು ಸುಲಭಕ್ಕೆ ಅರ್ಥ ಆಗಲ್ಲ.

ಕೆಳಮನೆ ಸ್ಪೀಕರ್ ಮೈಕ್ ಜಾನ್ಸನ್ ಎರಡು ತಿಂಗಳು ಆ ನೆರವನ್ನ ಮತಕ್ಕೇ ಹಾಕಲಿಲ್ಲ. ಫೆಬ್ರವರಿ 17ಕ್ಕೆ ಪೂರ್ವದ ಅವ್‌ದಿಯಿವ್ಕಾ ಪಟ್ಟಣ ಉಕ್ರೇನಿನ ಕೈತಪ್ಪಿತು. ಫಿರಂಗಿ ಗುಂಡಿಗೆ ಬರ ಬಂದಿದ್ದು ಅದಕ್ಕೊಂದು ಕಾರಣ. ಏಪ್ರಿಲ್ 20ಕ್ಕೆ ಕೊನೆಗೂ ಮತ ಎಣಿಸಿದಾಗ 311–112. ವಿರೋಧಿಸಿದ 112 ಜನರೂ ರಿಪಬ್ಲಿಕನ್ನರೇ, ಜಾನ್ಸನ್ ಅವರ ಸ್ವಂತ ಪಕ್ಷದವರು. ಇಷ್ಟು ಬಹುಮತ ಫೆಬ್ರವರಿಯಲ್ಲಿ ಇರಲಿಲ್ಲ ಅಂದ್ರೆ ನಾನು ನಂಬಲ್ಲ.

2025ರಲ್ಲಂತೂ ಸ್ಟುಡಿಯೋನೇ ಬೇಕಾಗಲಿಲ್ಲ. ಫೆಬ್ರವರಿ 28ಕ್ಕೆ ಶ್ವೇತಭವನದ ಓವಲ್ ಕಚೇರಿಯಲ್ಲಿ, ಕ್ಯಾಮೆರಾಗಳ ಮುಂದೆಯೇ ಉಕ್ರೇನ್ ಅಧ್ಯಕ್ಷ ಝೆಲೆನ್‌ಸ್ಕಿ ಜೊತೆ ಟ್ರಂಪ್ ಜಗಳ. ಟಿವಿಗೆ ಇದು ಭರ್ಜರಿ ಸರಕು ಅನ್ನೋ ಅರ್ಥದಲ್ಲಿ ಟ್ರಂಪ್ ಅವರೇ ಅಂದ್ರು. ಮಾರ್ಚ್ 3ಕ್ಕೆ ಶಸ್ತ್ರ ನಿಂತಿತು, ಬೆನ್ನಿಗೇ ಗುಪ್ತಚರ ಮಾಹಿತಿಯೂ ನಿಂತಿತು. 11ಕ್ಕೆ ಸೌದಿಯ ಜೆಡ್ಡಾದಲ್ಲಿ ಅಮೆರಿಕ–ಉಕ್ರೇನ್ ಮಾತುಕತೆ ಆದಮೇಲೆ ಎರಡೂ ಮತ್ತೆ ಶುರು. ಅಷ್ಟರಲ್ಲಿ ರಷ್ಯಾದ ಕುರ್ಸ್ಕ್‌ನಲ್ಲಿ ಉಕ್ರೇನ್ ಹಿಡಿದಿದ್ದ ಸುಡ್ಜಾ ಪಟ್ಟಣ ಕೈಜಾರ್ತಿತ್ತು. ಆ ಎಂಟು ದಿನವೇ ಕಾರಣ ಅಂತ ಹೇಳಲ್ಲ, ಆದರೆ ಆ ದಿನಗಳಲ್ಲಿ ಉಪಗ್ರಹ ಮಾಹಿತಿ ಇಲ್ಲದೆ ಕಾದಾಡಿದವರಿಗೆ ಅದು ಸಣ್ಣ ತಡ ಆಗಿರಲಿಲ್ಲ.