ಸ್ಕಾಟ್ಲೆಂಡ್‌ನಲ್ಲಿ ಊಟಕ್ಕೆ ಕೂತಾಗ ಬಾಯಿಬಿಟ್ಟು ಕೇಳಿ

ನಮಸ್ಕಾರ. ಬೇಸಿಗೆ ರಜೆಗೆ ಎಡಿನ್‌ಬರೋ, ಗ್ಲಾಸ್ಗೋ, ಸ್ಕೈ ದ್ವೀಪ ಅಂತ ಹೊರಡೋ ಕನ್ನಡದ ಕುಟುಂಬಗಳು ಈಗ ಕಡಿಮೆಯೇನಿಲ್ಲ. ಓದೋಕೆ, ಕೆಲಸಕ್ಕೆ ಅಂತ ಹೋಗಿ ಅಲ್ಲೇ ನೆಲೆಸಿರೋರೂ ಇದ್ದಾರೆ. ಇವರೆಲ್ಲರಿಗೂ ನೇರವಾಗಿ ಹೇಳಬೇಕಾದ ಒಂದು ಮಾತಿದೆ. ಸ್ಕಾಟ್ಲೆಂಡ್‌ನ ರೆಸ್ಟೋರೆಂಟ್‌ಗಳಲ್ಲಿ ಊಟ ಕೆಡೋದು ಬಹಳ ಸಲ ಒಲೆ ಹತ್ತಿರ ಅಲ್ಲವೇ ಅಲ್ಲ. ಹೋಟೆಲಿನವರು ಮೆನುವಿನಲ್ಲಿ ಬರೀಬೇಕಾದ್ದನ್ನ ಬರೆದಿರಲ್ಲ, ನಾವು ಕೇಳಬೇಕಾದ್ದನ್ನ ಕೇಳಿರಲ್ಲ. ಇದರಲ್ಲಿ ಹೆಚ್ಚಿನ ತಪ್ಪು ಹೋಟೆಲಿನವರದ್ದು. ಆದರೆ ತಟ್ಟೆ ಮುಂದೆ ಕೂತಿರೋರು ನಾವು, ಹಾಗಾಗಿ ಕೇಳೋ ಕೆಲಸ ನಮ್ಮ ಮೇಲೇ ಬೀಳುತ್ತೆ.

ಲೆಂಟಿಲ್ ಸೂಪಿನಿಂದಲೇ ಶುರು ಮಾಡೋಣ. ಹೊರಗೆ ಮಳೆ, ಗಾಳಿ. ಕೆಫೆ ಬಾಗಿಲಲ್ಲಿ ಕಪ್ಪು ಹಲಗೆ ಮೇಲೆ ಇವತ್ತಿನ ಸೂಪು ಲೆಂಟಿಲ್ ಅಂತ ಬರೆದಿದೆ. ಮಸೂರ್ ಬೇಳೆ, ಕ್ಯಾರೆಟ್, ಈರುಳ್ಳಿ. ನೋಡೋಕೆ ನಮ್ಮ ಮನೆಯ ತೊವ್ವೆ ಥರಾನೇ ಇರುತ್ತೆ. ಸಸ್ಯಾಹಾರಿಗಳು ಎರಡನೇ ಯೋಚನೆ ಇಲ್ಲದೆ ಆರ್ಡರ್ ಮಾಡೋದು ಇದನ್ನೇ. ಆದರೆ ಅಲ್ಲಿನ ಹಳೇ ಪದ್ಧತಿಯಲ್ಲಿ ಈ ಸೂಪಿಗೆ ಮೊದಲು ಹ್ಯಾಮ್ ಹಾಕ್, ಅಂದರೆ ಹಂದಿಯ ಕಾಲಿನ ಗೆಣ್ಣಿನ ಭಾಗ, ಎರಡು ಮೂರು ಗಂಟೆ ಕುದಿಸ್ತಾರೆ. ಆ ನೀರಿನಲ್ಲೇ ಬೇಳೆ ಬೇಯೋದು. ಮಾಂಸದ ಎಳೆ ಬಟ್ಟಲಲ್ಲಿ ಕಾಣಬಹುದು, ಸೋಸಿ ತೆಗೆದಿದ್ದರೆ ಕಾಣದೇನೂ ಇರಬಹುದು. ತರಕಾರಿ ಸ್ಟಾಕ್‌ನಲ್ಲೇ, ಅಂದರೆ ತರಕಾರಿ ಕುದಿಸಿದ ರಸದಲ್ಲೇ, ಮಾಡೋ ಕೆಫೆಗಳೂ ಬೇಕಾದಷ್ಟಿವೆ. ಆದರೆ ಹಲಗೆ ನೋಡಿ ಯಾವುದು ಯಾವುದು ಅಂತ ಹೇಳೋಕಾಗಲ್ಲ.

ಇಲ್ಲಿ ಕಾನೂನು ಏನು ಹೇಳುತ್ತೆ ಅನ್ನೋದು ಗೊತ್ತಿರಬೇಕು. ಬ್ರಿಟನ್‌ನಲ್ಲಿ ಎಲ್ಲ ಹೋಟೆಲುಗಳೂ 14 ಅಲರ್ಜಿ ಪದಾರ್ಥಗಳ ಬಗ್ಗೆ ಮಾಹಿತಿ ಕೊಡಲೇಬೇಕು. ಹಾಲು, ಮೊಟ್ಟೆ, ಮೀನು, ಗ್ಲುಟನ್, ಕಡಲೆಕಾಯಿ, ಎಳ್ಳು, ಸೋಯಾ, ಕೊನೆಗೆ ಸಾಸಿವೆ, ಸೆಲೆರಿ ಕೂಡ ಆ ಪಟ್ಟಿಯಲ್ಲಿವೆ. ಹಂದಿ ಇಲ್ಲ. ದನದ ಕೊಬ್ಬು ಇಲ್ಲ. ಕೋಳಿ ಇಲ್ಲ. ವೆಜಿಟೇರಿಯನ್ ಅನ್ನೋ ಪದಕ್ಕೆ ಅಲ್ಲಿನ ಕಾನೂನಿನಲ್ಲಿ ವ್ಯಾಖ್ಯೆಯೇ ಇಲ್ಲ. ಹಾಗಾಗಿ ಅಲರ್ಜಿ ಹಾಳೆ ತರಿಸಿಕೊಂಡು ನೋಡಿದರೂ, ಹ್ಯಾಮ್ ರಸದಲ್ಲಿ ಬೆಂದ ಬೇಳೆ ಸೂಪಿನ ಸಾಲಿನಲ್ಲಿ ಸೆಲೆರಿಗೆ ಮಾತ್ರ ಗುರುತು ಇರಬಹುದು. ಹಾಳೆ ಸುಳ್ಳು ಹೇಳಿಲ್ಲ, ನಮಗೆ ಬೇಕಾದ್ದನ್ನ ಹೇಳಿಲ್ಲ ಅಷ್ಟೇ. ಇದು ನನ್ನ ಮುಖ್ಯ ತಕರಾರು. ಸ್ಟಾಕ್ ಯಾವುದು, ಕರಿಯೋ ಎಣ್ಣೆ ಯಾವುದು ಅಂತ ಮೆನುವಿನಲ್ಲಿ ಒಂದು ಸಾಲು ಬರೆಯೋಕೆ ಯಾವ ಹೋಟೆಲಿಗೂ ಖರ್ಚಿಲ್ಲ. ಆ ಒಂದು ಸಾಲು ಇದ್ದಿದ್ದರೆ ಎಷ್ಟು ಜನರ ಊಟ ಉಳೀತಿತ್ತು!

ಕರಿಯೋ ವಿಷಯಕ್ಕೆ ಬಂದರೆ, ಸ್ಕಾಟ್ಲೆಂಡ್‌ನ ಎಷ್ಟೋ ಚಿಪ್ಸ್ (ನಮ್ಮ ಫ್ರೆಂಚ್ ಫ್ರೈಸ್ ಥರದ್ದು) ಅಂಗಡಿಗಳಲ್ಲಿ ಬಾಣಲೆಯಲ್ಲಿರೋದು ಬೀಫ್ ಡ್ರಿಪ್ಪಿಂಗ್, ದನದ ಕೊಬ್ಬು ಕರಗಿಸಿದ್ದು. ಬರೀ ಆಲೂಗಡ್ಡೆ ಚಿಪ್ಸ್ ತಾನೇ ಅಂದುಕೊಂಡು ಮಕ್ಕಳಿಗೆ ಕೊಡಿಸೋ ಮುಂಚೆ ಕೇಳಿ. ಮೀನು, ಕೋಳಿ ತಿಂದು ಬೀಫ್ ಮಾತ್ರ ಬೇಡ ಅನ್ನೋರಿಗೂ ಈ ಎಚ್ಚರ ಬೇಕು. ಬೆಳಗಿನ ತಿಂಡಿ ತಟ್ಟೆಯಲ್ಲಿ ಬರೋ ಚೌಕಾಕಾರದ ಲೋರ್ನ್ ಸಾಸೇಜ್‌ನಲ್ಲಿ ಸಾಮಾನ್ಯವಾಗಿ ಬೀಫ್ ಇರುತ್ತೆ. ಬ್ಲ್ಯಾಕ್ ಪುಡಿಂಗ್ ಅಂದರೆ ರಕ್ತ, ಓಟ್ಸ್ ಮತ್ತು ಕೊಬ್ಬು. ಹ್ಯಾಗಿಸ್ ಕುರಿಯ ಹೃದಯ, ಪಿತ್ತಜನಕಾಂಗ, ಶ್ವಾಸಕೋಶಗಳ ಅಡುಗೆ ಅನ್ನೋದು ನಿಜ, ಆದರೆ ಅದಕ್ಕೆ ಹಾಕೋ ಕೊಬ್ಬು ಎಷ್ಟೋ ಸಲ ದನದ್ದು. ಕ್ಲೂಟಿ ಡಂಪ್ಲಿಂಗ್ ಅನ್ನೋ ಒಣದ್ರಾಕ್ಷಿಯ ಸಿಹಿಯಲ್ಲೂ ಹಳೇ ಪದ್ಧತಿಯಲ್ಲಿ ಸೂಯೆಟ್, ಅಂದರೆ ಪ್ರಾಣಿಯ ಗಟ್ಟಿ ಕೊಬ್ಬು, ಇರುತ್ತೆ. ಬೆಳಗಿನ ತಿಂಡಿ ತಟ್ಟೆಯ ಟ್ಯಾಟೀ ಸ್ಕೋನ್ ಬರೀ ಆಲೂಗಡ್ಡೆ, ಹಿಟ್ಟು, ಬೆಣ್ಣೆ. ಅದನ್ನ ಸಾಸೇಜ್ ಕಾಯಿಸಿದ ಕಾವಲಿ ಮೇಲೇ ಬಿಸಿ ಮಾಡಿದ್ದಾರಾ ಅಂತ ಮಾತ್ರ ಕೇಳಿಕೊಳ್ಳಿ.

ಸಸ್ಯಾಹಾರಿಗಳಿಗೆ ನಾನು ಧೈರ್ಯವಾಗಿ ಹೇಳೋದು ವೆಜಿಟೇರಿಯನ್ ಹ್ಯಾಗಿಸ್. ಎಡಿನ್‌ಬರೋದ ಮ್ಯಾಕ್‌ಸ್ವೀನ್ ಕಂಪನಿ 1984ರಲ್ಲಿ ಇದನ್ನ ಶುರು ಮಾಡಿತು. ಓಟ್ಸ್, ಬೇಳೆ ಕಾಳು, ತರಕಾರಿ, ಬೀಜಗಳು, ಮೆಣಸಿನ ಖಾರ. ಜೊತೆಗೆ ಟರ್ನಿಪ್ ಜಾತಿಯ ಹಳದಿ ಗೆಡ್ಡೆಯ ಮತ್ತು ಆಲೂಗಡ್ಡೆಯ ಮುದ್ದೆ. ಸ್ಕಾಟ್ಲೆಂಡ್ ರುಚಿ ಏನು ಅಂತ ಗೊತ್ತಾಗಬೇಕಾದರೆ ಪಾಸ್ತಾ ತಿನ್ನೋ ಬದಲು ಇದನ್ನ ತಿನ್ನಿ. ಮೇಲೆ ಸುರಿಯೋ ವಿಸ್ಕಿ ಸಾಸ್ ಬೇರೆ ಬಟ್ಟಲಲ್ಲಿ ಕೊಡಿ ಅನ್ನಿ. ಅದರಲ್ಲಿ ಮದ್ಯ ಇರುತ್ತೆ, ಕೆಲವು ಕಡೆ ಮಾಂಸದ ಸ್ಟಾಕ್ ಕೂಡ. ಇನ್ನು ಪಕೋಡ ಅಂತ ಕಂಡ ತಕ್ಷಣ ಸಂತೋಷಪಡಬೇಡಿ. ಹ್ಯಾಗಿಸ್ ಪಕೋಡ ಅಲ್ಲಿ ಮಾಮೂಲಿ ತಿಂಡಿ. ವೆಜಿಟೇಬಲ್ ಪಕೋಡ ಅಂತ ಪೂರ್ತಿ ಹೆಸರು ಹೇಳಿ, ಚಿಕನ್ ಪಕೋಡ ಕರಿದ ಎಣ್ಣೆಯಲ್ಲೇ ಕರೀತೀರಾ ಅಂತಾನೂ ಕೇಳಿ.

ಈರುಳ್ಳಿ ಬೆಳ್ಳುಳ್ಳಿ ಬಿಟ್ಟು ತಿನ್ನೋರು ಟೇಬಲ್‌ನಲ್ಲಿ ಕೂತು ಕೇಳಿದರೆ ತಡವಾಯ್ತು. ಸಾಸು, ಸ್ಟಾಕು, ಮಸಾಲೆ ಎಲ್ಲ ಬೆಳಿಗ್ಗೆಯೇ ಮಾಡಿಟ್ಟಿರುತ್ತಾರೆ. ಅದರಿಂದ ಒಂದು ಪದಾರ್ಥ ಹೊರಗೆ ತೆಗೆಯೋಕೆ ಯಾರಿಗೂ ಆಗಲ್ಲ. ಎರಡು ದಿನ ಮುಂಚೆ ಫೋನ್ ಮಾಡಿ, ಏನು ತಿನ್ನಲ್ಲ ಅನ್ನೋದರ ಜೊತೆಗೆ ಏನು ತಿಂತೀವಿ ಅನ್ನೋದನ್ನೂ ಹೇಳಿ. ಮಧ್ಯಾಹ್ನ ಮೂರು ನಾಲ್ಕು ಗಂಟೆಗೆ ಮಾಡಿದರೆ ಅಡುಗೆಮನೆಯವರೇ ಸಿಗೋ ಸಾಧ್ಯತೆ ಹೆಚ್ಚು.

ಎರಡನೇ ದೊಡ್ಡ ದೂರು, ಹೊತ್ತು. ಉತ್ತರದ ಗುಡ್ಡಗಾಡು ಸೀಮೆಯಾದ ಹೈಲ್ಯಾಂಡ್ಸ್‌ನಲ್ಲಿ, ಅದರಲ್ಲೂ ಸ್ಕೈನಲ್ಲಿ, ಜೂನ್ ತಿಂಗಳು ರಾತ್ರಿ ಹತ್ತು ಗಂಟೆಗೂ ಬೆಳಕಿರುತ್ತೆ. ಬೆಳಕು ನೋಡಿಕೊಂಡು ಇನ್ನೂ ಹೊತ್ತಿದೆ ಅಂತ ಸುತ್ತಾಡಿ ಒಂಬತ್ತಕ್ಕೆ ಸ್ಕೈನ ಪೋರ್ಟ್ರೀ ಊರಿಗೆ ಬಂದರೆ ಎಷ್ಟೋ ಅಡುಗೆಮನೆಗಳು ಮುಚ್ಚಿರುತ್ತವೆ. ಫೋನಿನ ಮ್ಯಾಪ್ ತೋರಿಸೋ ಹನ್ನೊಂದು ಗಂಟೆ ಬಾರ್ ಮುಚ್ಚೋ ಹೊತ್ತು. ಊಟದ ಕೊನೇ ಆರ್ಡರ್ ಎಂಟಕ್ಕೋ ಎಂಟೂವರೆಗೋ ಮುಗಿದಿರುತ್ತೆ. ಮಧ್ಯಾಹ್ನವೂ ಸಣ್ಣ ಊರುಗಳಲ್ಲಿ ಹನ್ನೆರಡರಿಂದ ಎರಡು, ಎರಡೂವರೆವರೆಗೆ ಮಾತ್ರ ಅಡುಗೆ, ಆಮೇಲೆ ಸಂಜೆ ಐದೂವರೆ ಆರರವರೆಗೆ ಒಲೆ ಆರಿರುತ್ತೆ. ಇದು ಸೋಮಾರಿತನ ಅಲ್ಲ. ಅಡುಗೆಮನೆಯಲ್ಲಿ ಇಬ್ಬರೋ ಮೂವರೋ ಇರುತ್ತಾರೆ, ಅವರೇ ಮಧ್ಯಾಹ್ನವೂ ರಾತ್ರಿಯೂ. 2020ರ ಕೊನೆಗೆ ಯುರೋಪಿನಿಂದ ಮುಕ್ತವಾಗಿ ಕೆಲಸಕ್ಕೆ ಬರೋ ದಾರಿ ಮುಚ್ಚಿದ ಮೇಲೆ ದೂರದ ಊರುಗಳಿಗೆ ಜನ ಸಿಗೋದು ಇನ್ನೂ ಕಷ್ಟ ಆಗಿದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಬಾಗಿಲೇ ತೆರೆಯದ ಜಾಗಗಳೂ ಅಲ್ಲಿ ಸುಮಾರಿವೆ. ಆದ್ದರಿಂದ ಬುಕ್ ಮಾಡುವಾಗ ಅಂಗಡಿ ಎಷ್ಟು ಹೊತ್ತಿನವರೆಗೆ ಅಂತ ಕೇಳಬೇಡಿ, ಊಟದ ಕೊನೇ ಆರ್ಡರ್ ಎಷ್ಟು ಗಂಟೆಗೆ ಅಂತ ಕೇಳಿ. ಸ್ಕೈನ ಒಂದೇ ಗಾಡಿ ಹೋಗೋ ರಸ್ತೆಗಳಲ್ಲಿ ಎದುರು ಕಾರು ಬಂದಾಗೆಲ್ಲ ನಿಂತು ಜಾಗ ಕೊಡಬೇಕು, ಮ್ಯಾಪ್ ಹೇಳಿದ ಸಮಯಕ್ಕಿಂತ ಅರ್ಧ ಗಂಟೆ ಜಾಸ್ತಿ ಇಟ್ಟುಕೊಳ್ಳಿ. ಮಕ್ಕಳಿದ್ದರೆ ಇನ್ನೊಂದು ಪ್ರಶ್ನೆ. ಪಬ್‌ಗಳಲ್ಲಿ ಮಕ್ಕಳು ಎಷ್ಟು ಗಂಟೆವರೆಗೆ ಇರಬಹುದು ಅನ್ನೋದು ಆಯಾ ಲೈಸೆನ್ಸ್ ಪ್ರಕಾರ, ಎಷ್ಟೋ ಕಡೆ ಎಂಟು ಒಂಬತ್ತಕ್ಕೆ ಎದ್ದು ಹೋಗಿ ಅಂತಾರೆ.

ಈಗ ಬಡಿಸೋರ ವಿಷಯ. ಬಿಲ್ ತರಲೇ ಇಲ್ಲ, ಅರ್ಧ ಗಂಟೆ ಕಾಯಿಸಿದರು ಅನ್ನೋ ಸಿಟ್ಟು ನಮ್ಮವರಲ್ಲಿ ಜಾಸ್ತಿ. ಅಲ್ಲಿ ಕೇಳದೆ ಬಿಲ್ ತಂದಿಟ್ಟರೆ ಎದ್ದು ಹೋಗಿ ಅಂದ ಹಾಗೆ, ಅದಕ್ಕೇ ತರಲ್ಲ. ಪಬ್‌ನಲ್ಲಂತೂ ಬಹಳ ಕಡೆ ಟೇಬಲ್ ಹತ್ತಿರ ಯಾರೂ ಬರೋದೇ ಇಲ್ಲ. ಟೇಬಲ್ ನಂಬರ್ ನೋಡಿಕೊಂಡು ಕೌಂಟರ್‌ಗೆ ಹೋಗಿ ಆರ್ಡರ್ ಹೇಳಿ ದುಡ್ಡು ಕೊಡಬೇಕು. ನೀರು ಬೇಕಾದರೆ ಟ್ಯಾಪ್ ವಾಟರ್ ಅಂತಲೇ ಹೇಳಿ, ಬರೀ ವಾಟರ್ ಅಂದರೆ ದುಡ್ಡಿನ ಬಾಟಲಿ ಬರಬಹುದು. 2005ರ ಸ್ಕಾಟ್ಲೆಂಡ್ ಲೈಸೆನ್ಸಿಂಗ್ ಕಾಯ್ದೆ ಪ್ರಕಾರ ಮದ್ಯದ ಲೈಸೆನ್ಸ್ ಇರೋ ಜಾಗದಲ್ಲಿ ಕೇಳಿದರೆ ಕುಡಿಯೋ ನಲ್ಲಿ ನೀರು ಪುಕ್ಕಟೆ ಕೊಡಲೇಬೇಕು.

ತಟ್ಟೆ ಬಂದು ಎರಡು ಮೂರು ತುತ್ತು ಆಗೋ ಹೊತ್ತಿಗೆ ವೇಟರ್ ಬಂದು ಎಲ್ಲ ಸರಿ ಇದೆಯಾ ಅಂತ ಕೇಳ್ತಾರೆ. ದಯವಿಟ್ಟು ಇದನ್ನ ಬರೀ ಉಪಚಾರದ ಮಾತು ಅಂದುಕೊಳ್ಳಬೇಡಿ. ತಪ್ಪು ಸರಿ ಮಾಡೋಕೆ ಅಡುಗೆಮನೆಗೆ ಇರೋ ಒಳ್ಳೇ ಅವಕಾಶ ಅದೊಂದೇ. ಮೀನು ಮಧ್ಯದಲ್ಲಿ ತಣ್ಣಗಿದೆ, ಬೇರೆ ಕೊಡಿ ಅಂತ ಆಗ ಹೇಳಿದರೆ ಹತ್ತು ನಿಮಿಷದಲ್ಲಿ ಹೊಸ ತಟ್ಟೆ ಬರುತ್ತೆ. ಆಗ ಚೆನ್ನಾಗಿದೆ ಅಂದು ನಕ್ಕು, ರಾತ್ರಿ ರೂಮಿಗೆ ಹೋಗಿ ಒಂದು ಸ್ಟಾರ್ ಕೊಡೋದು ಅನ್ಯಾಯ. ಹತ್ತು ಜನರ ಗುಂಪಿನಲ್ಲಿ ಯಾರಿಗಾದರೂ ತಣ್ಣಗಿನ ತಟ್ಟೆ ಬರೋದಕ್ಕೂ ಕಾರಣ ಇದೆ. ಎಲ್ಲ ತಟ್ಟೆಗಳೂ ಒಟ್ಟಿಗೆ ಹೊರಡಬೇಕು ಅಂತ ಮೊದಲು ಸಿದ್ಧವಾದದ್ದು ಬಿಸಿ ದೀಪದ ಕೆಳಗೆ ಕಾಯ್ತಾ ಇರುತ್ತೆ, ಅಲ್ಲಿ ಸಾಸ್ ಕೆನೆಗಟ್ಟುತ್ತೆ, ಚಿಪ್ಸ್ ಮೆತ್ತಗಾಗುತ್ತೆ. ದೊಡ್ಡ ಗುಂಪಾದರೆ ಹಿಂದಿನ ದಿನವೇ ಆರ್ಡರ್ ಕಳಿಸಿ, ಹತ್ತು ಬಗೆಯ ಬದಲು ಮೂರು ನಾಲ್ಕು ಬಗೆ ಆರಿಸಿಕೊಳ್ಳಿ.

ಅಡುಗೆಯವರ ಕೈ ಹೇಗಿದೆ ಅಂತ ನೋಡಬೇಕಾದರೆ, ಮೀನು ತಿನ್ನೋರು ಕಲನ್ ಸ್ಕಿಂಕ್ ತರಿಸಿ. ಮರೇ ಸೀಮೆಯ ಕಲನ್ ಅನ್ನೋ ಊರಿನ ಸೂಪು ಇದು. ಹೊಗೆಯಲ್ಲಿ ಇಟ್ಟ ಹ್ಯಾಡಕ್ ಮೀನನ್ನ ಹಾಲಿನಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ, ಚರ್ಮ ಮುಳ್ಳು ತೆಗೆದು, ಅದೇ ಹಾಲಿಗೆ ಬೆಂದ ಆಲೂಗಡ್ಡೆ, ಈರುಳ್ಳಿ ಸೇರಿಸ್ತಾರೆ. ಆಲೂಗಡ್ಡೆಯಲ್ಲಿ ಒಂದಷ್ಟು ಹಿಸುಕಿದರೆ ಸಾಕು, ಸೂಪು ತಾನಾಗೇ ಗಟ್ಟಿಯಾಗುತ್ತೆ. ಚಮಚದಲ್ಲಿ ಮೀನು ದಳದಳವಾಗಿ ಸಿಗಬೇಕು. ನೂಲು ನೂಲಾಗಿದ್ದರೆ ಹಾಲು ಕುದಿಸಿಬಿಟ್ಟಿದ್ದಾರೆ. ಚಮಚಕ್ಕೆ ಗೋಂದಿನ ಹಾಗೆ ಅಂಟಿದರೆ ಹಿಟ್ಟು ಹಾಕಿ ಗಟ್ಟಿ ಮಾಡಿದ್ದಾರೆ. ಉಪ್ಪು ಮುಂದಾಗಿದ್ದರೆ ಮೀನಿನಲ್ಲಿರೋ ಉಪ್ಪನ್ನ ಲೆಕ್ಕಕ್ಕೆ ತಗೊಂಡಿಲ್ಲ. ಈ ಒಂದು ಬಟ್ಟಲು ಸರಿಯಾಗಿ ಮಾಡೋ ಕಡೆ ಬೇರೆ ಮೀನನ್ನೂ ನಂಬಿ ತಿನ್ನಬಹುದು ಅಂತ ನನ್ನ ಅಭಿಪ್ರಾಯ.

ಬಿಲ್ ಬಂದಾಗ ಗಾಬರಿ ಬೇಡ. ಮೆನುವಿನ ಬೆಲೆಯಲ್ಲೇ ವ್ಯಾಟ್ ತೆರಿಗೆ ಸೇರಿರುತ್ತೆ. ಮೇಲೆ 10 ಅಥವಾ 12.5 ಪರ್ಸೆಂಟ್ ಸರ್ವಿಸ್ ಚಾರ್ಜ್ ಇದ್ದು, ಅದು ಐಚ್ಛಿಕ ಅಂತ ಬರೆದಿದ್ದರೆ ತೆಗೆಸೋ ಹಕ್ಕು ನಿಮಗಿದೆ. ಗುಂಪು ಆರೋ ಎಂಟೋ ಜನಕ್ಕಿಂತ ದೊಡ್ಡದಿದ್ದರೆ ಸೇರಿಸೋದು ಸಾಮಾನ್ಯ, ಹಾಗಾಗಿ ಅದರ ಮೇಲೆ ಮತ್ತೆ ಟಿಪ್ಸ್ ಇಡೋ ಮುಂಚೆ ಬಿಲ್ ಓದಿ. 2024ರ ಅಕ್ಟೋಬರ್ 1ರಿಂದ ಬಂದಿರೋ ಕಾನೂನಿನ ಪ್ರಕಾರ ಟಿಪ್ಸ್, ಸರ್ವಿಸ್ ಚಾರ್ಜ್ ಎರಡನ್ನೂ ಮಾಲೀಕರು ಏನೂ ಮುರಿದುಕೊಳ್ಳದೆ ಮುಂದಿನ ತಿಂಗಳ ಕೊನೆಯೊಳಗೆ ಕೆಲಸಗಾರರಿಗೇ ಕೊಡಬೇಕು. ಟೇಬಲ್ ಸಿಗೋದು ತಡವಾಯ್ತು, ಮೆನುವಿನಲ್ಲಿ ಒಂದು ಖಾದ್ಯ ಇರಲಿಲ್ಲ ಅನ್ನೋ ಸಿಟ್ಟಿಗೆ ಸರ್ವಿಸ್ ಚಾರ್ಜ್ ತೆಗೆಸಿದರೆ ಪೆಟ್ಟು ಬೀಳೋದು ಪಾಪ ಬಡಿಸಿದ ಹುಡುಗಿಗೆ. ಅಂಥ ದೂರು ಮ್ಯಾನೇಜರ್ ಹತ್ತಿರ ಹೇಳಿ.

ಶುಚಿತ್ವದ ಬಗ್ಗೆ ಅನುಮಾನ ಇದ್ದರೆ ಇಂಗ್ಲೆಂಡ್‌ನ ಹಾಗೆ 0ಯಿಂದ 5ರ ಅಂಕ ಹುಡುಕಬೇಡಿ. ಸ್ಕಾಟ್ಲೆಂಡ್‌ನಲ್ಲಿ ಪಾಸ್, ಇಲ್ಲವೇ ಇಂಪ್ರೂವ್‌ಮೆಂಟ್ ರಿಕ್ವೈರ್ಡ್. ಬಾಗಿಲಿಗೆ ಅಂಟಿಸೋದು ಕಡ್ಡಾಯ ಅಲ್ಲ, ಆದರೆ ಆನ್‌ಲೈನ್‌ನಲ್ಲಿ ಹೋಟೆಲ್ ಹೆಸರು ಹಾಕಿದರೆ ಸಿಗುತ್ತೆ. ತಿಂದು ಹೊಟ್ಟೆ ಕೆಟ್ಟರೆ ವಿಮರ್ಶೆ ಬರೆಯೋ ಮುಂಚೆ ಆ ಊರಿನ ಕೌನ್ಸಿಲ್‌ನ ಎನ್ವಿರಾನ್‌ಮೆಂಟಲ್ ಹೆಲ್ತ್ ವಿಭಾಗಕ್ಕೆ ತಿಳಿಸಿ, ಅಡುಗೆಮನೆ ಒಳಗೆ ಹೋಗಿ ನೋಡೋ ಅಧಿಕಾರ ಇರೋದು ಅವರಿಗೆ. ಬಿಲ್ ಇಟ್ಟುಕೊಂಡಿರಿ, ಏನು ತಿಂದಿರಿ, ಎಷ್ಟು ಗಂಟೆಗೆ, ಲಕ್ಷಣ ಯಾವಾಗ ಶುರುವಾಯ್ತು ಅಂತ ಅವತ್ತೇ ಬರೆದಿಡಿ. ಇನ್ನು ವಿಮರ್ಶೆ ಬರೆಯೋದಾದರೆ ವಾರ, ಹೊತ್ತು, ಎಷ್ಟು ಜನ ಇದ್ರಿ, ಯಾವ ಖಾದ್ಯ, ಏನು ಕೇಳಿದ್ರಿ, ಅವರು ಏನು ಉತ್ತರ ಕೊಟ್ರು, ಇಷ್ಟನ್ನ ಬರೀರಿ. ಸೂಪು ಯಾವ ಸ್ಟಾಕ್‌ನದ್ದು, ಚಿಪ್ಸ್ ಯಾವ ಎಣ್ಣೆಯಲ್ಲಿ ಕರಿದದ್ದು ಅಂತ ಗೊತ್ತಾಗಿದ್ದರೆ ಅದನ್ನ ಮೊದಲನೇ ಸಾಲಿನಲ್ಲೇ ಹಾಕಿ.