ಬಾತು ಬೇಟೆಗೆ ಮೊದಲ ಕೋವಿ: ಮೊದಲು ಭುಜ, ಆಮೇಲೆ ಬ್ರ್ಯಾಂಡು

ನಮಸ್ಕಾರ. ಈಗ ಸ್ಕ್ರೀನ್ ಮೇಲೆ ಕಾಣುತ್ತಿರುವುದು ಅರ್ಕಾನ್ಸಾಸ್ ರಾಜ್ಯದ ಸ್ಟಟ್‌ಗಾರ್ಟ್ ಊರಿನ ಹೊರಗಿನ ಭತ್ತದ ಗದ್ದೆ. ಕೊಯ್ಲು ಮುಗಿದಿದೆ. ಕೂಳೆಯ ಮೇಲೆ ನೀರು ನಿಲ್ಲಿಸಿದ್ದಾರೆ. ಚಳಿಗಾಲಕ್ಕೆ ಉತ್ತರದಿಂದ ಇಳಿದು ಬರುವ ಮ್ಯಾಲಾರ್ಡ್ ಬಾತುಗಳಿಗೆ ಇಲ್ಲಿ ಉದುರಿದ ಭತ್ತವೇ ಊಟ. ಬಾತಿನ ಹಾಗೆ ಕೂಗುವ ವಿಶ್ವ ಚಾಂಪಿಯನ್‌ಶಿಪ್ ಈ ಊರಿನಲ್ಲಿ 1936ರಿಂದ ನಡೆಯುತ್ತಿದೆ. ಇವರ ಬಾತಿನ ಹುಚ್ಚು ಎಷ್ಟಿರಬಹುದು, ನೀವೇ ಲೆಕ್ಕ ಹಾಕಿ.

ನಾನಿರುವುದು ಇದೇ ರಾಜ್ಯದ ಬೆಂಟನ್‌ವಿಲ್‌ನಲ್ಲಿ. ಕೆಲಸಕ್ಕೆಂದು ಬಂದ ನಮ್ಮ ಕಡೆಯವರು ಇಲ್ಲಿ ಸಾಕಷ್ಟು ಜನ ಇದ್ದಾರೆ. ಅವರಲ್ಲಿ ಬೇಟೆಯ ಆಸೆ ಇರುವವರೆಲ್ಲ ನನ್ನನ್ನು ಕೇಳುವುದು ಒಂದೇ: "ಬಾತು ಬೇಟೆಗೆ ಫಸ್ಟ್ ಗನ್ ಯಾವುದು ತಗೊಳ್ಳಲಿ?" ಅದಕ್ಕೇ ಈ ವಿಡಿಯೋ. ಸಸ್ಯಾಹಾರಿ ಗೆಳೆಯರು ಇದನ್ನು ಬಿಟ್ಟು ಮುಂದಿನದಕ್ಕೆ ಹೋಗಬಹುದು, ನನಗೇನೂ ಬೇಜಾರಿಲ್ಲ.

ನಾನು ಕೊಡಗಿನವನು. ಕೋವಿ ನಮಗೆ ಹೊಸದಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡುತ್ತೇವೆ, ತೋಕ್ ಹೂವು ಸಿಕ್ಕಿಸುತ್ತೇವೆ. ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು ಆಕಾಶಕ್ಕೆ. ಲೈಸೆನ್ಸ್‌ನಿಂದ ಕೊಡವರಿಗೆ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಆದರೆ ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಬೇಟೆಯ ಮಾತೇ ಇಲ್ಲ. ಹಾಗಾಗಿ ನಮ್ಮ ಊರಿನ ಗುರಿ ಏನಿದ್ದರೂ ತೆಂಗಿನಕಾಯಿಗೆ.

ತೆಂಗಿನಕಾಯಿ ಮರದ ಮೇಲೆ ಅಲ್ಲಾಡದೆ ಕೂತಿರುತ್ತದೆ. ಬಾತು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುತ್ತದೆ. 35 ಗಜ ದೂರದಲ್ಲಿ ಅದು ಅಡ್ಡ ಹಾರುತ್ತಿದ್ದರೆ, ಚರೆ, ಅಂದರೆ ತೋಟಾದಿಂದ ಹೊರಡುವ ಸಣ್ಣ ಗುಂಡುಗಳು, ಅಲ್ಲಿಗೆ ತಲುಪುವುದರೊಳಗೆ ಸುಮಾರು ಎರಡು ಮೀಟರ್ ಮುಂದೆ ಹೋಗಿರುತ್ತದೆ. ನಿಂತು, ಉಸಿರು ಹಿಡಿದು, ಒಂದು ಕಣ್ಣು ಮುಚ್ಚಿ ಗುರಿ ಇಡುವ ಆಟ ಇಲ್ಲಿ ನಡೆಯುವುದಿಲ್ಲ. ಎರಡೂ ಕಣ್ಣು ಹಕ್ಕಿಯ ಮೇಲೆ. ಕೋವಿ ತಾನಾಗಿ ಭುಜಕ್ಕೆ ಬರಬೇಕು, ಹಕ್ಕಿಯ ಜೊತೆ ತಿರುಗಬೇಕು, ಅದನ್ನು ದಾಟಬೇಕು, ಈಡು ಹೊಡೆದ ಮೇಲೂ ತಿರುಗುತ್ತಲೇ ಇರಬೇಕು. ನಳಿಗೆ ನೋಡಿಕೊಂಡು ಸರಿಮಾಡಲು ಟೈಮೇ ಇಲ್ಲ. ಕೋವಿ ಭುಜಕ್ಕೆ ಕೂರದಿದ್ದರೆ, ಅದು ಎಷ್ಟೇ ದುಬಾರಿಯದಾಗಿರಲಿ, ಚರೆ ಬೇರೆಲ್ಲೋ ಹೋಗುತ್ತದೆ.

ಆದ್ದರಿಂದ ಅಂಗಡಿಗೆ ಹೋಗುವಾಗ ಬೇಟೆಗೆ ಹಾಕುವ ದಪ್ಪ ಜಾಕೆಟ್ ಹಾಕಿಕೊಂಡೇ ಹೋಗಿ. ಸೆಪ್ಟೆಂಬರ್ ಸೆಕೆಯಲ್ಲಿ ಜನ ನೋಡಿ ನಗುತ್ತಾರೆ, ನಗಲಿ. ಮಾಮೂಲಿ ಕೋವಿಯಲ್ಲಿ ಟ್ರಿಗರ್‌ನಿಂದ ಭುಜಕ್ಕೆ ಒತ್ತುವ ಹಿಡಿಯ ತುದಿಗೆ 14 ಇಂಚು ಆಸುಪಾಸು ಇರುತ್ತದೆ. ಟೀ ಶರ್ಟ್‌ನಲ್ಲಿ ಸರಿ ಅನಿಸಿದ್ದು ಜಾಕೆಟ್ ಮೇಲೆ ಉದ್ದವಾಗುತ್ತದೆ, ಹಿಡಿ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ. ಕೋವಿ ಖಾಲಿ ಇದೆಯೇ ಎಂದು ನೀವೇ ಕಣ್ಣಾರೆ ನೋಡಿ. ಅಂಗಡಿಯವರನ್ನು ಕೇಳಿ ಗೋಡೆಯ ಕಡೆ ತಿರುಗಿ. ಕಣ್ಣು ಮುಚ್ಚಿ ಭುಜಕ್ಕೆ ತಂದು, ಆಮೇಲೆ ಕಣ್ಣು ಬಿಡಿ. ನಳಿಗೆಯ ತುದಿಯ ಮಣಿ ನೇರ ಮಧ್ಯದಲ್ಲಿ ಕಂಡರೆ ಒಳ್ಳೆಯ ಲಕ್ಷಣ. ಕೋವಿಯ ಬೆನ್ನೇ ಅಡ್ಡ ಬಂದು ಮಣಿ ಕಾಣದಿದ್ದರೆ ಹಿಡಿ ನಿಮಗೆ ತಗ್ಗು. ಕುತ್ತಿಗೆ ಚಾಚಿ ಹೊಂದಿಸಿಕೊಳ್ಳಬೇಡಿ, ಬೇರೆ ಕೋವಿ ಕೇಳಿ. ಈಗಿನ ಕೆಲವು ಕೋವಿಗಳ ಜೊತೆ ಹಿಡಿಯನ್ನು ಏರಿಸಿ ಇಳಿಸುವ ಶಿಮ್ ಕೊಡುತ್ತಾರೆ, ಅದೂ ಉಪಯೋಗಕ್ಕೆ ಬರುತ್ತದೆ. ನಿಮ್ಮ ಯಾವ ಕಣ್ಣು ಜೋರು, ಅಂದರೆ ಗುರಿ ಇಡುವಾಗ ಯಾವ ಕಣ್ಣಿನ ನೋಟ ಮೇಲುಗೈ ಆಗುತ್ತದೆ ಎಂಬುದನ್ನೂ ನೋಡಿಕೊಳ್ಳಿ. ಬಲಗೈಯವರಿಗೂ ಎಡಗಣ್ಣು ಜೋರಿರಬಹುದು. ಹಾಗಿದ್ದರೆ ಎಡ ಭುಜದಲ್ಲಿ ಕಲಿಯುವುದೇ ವಾಸಿ, ಹೊಸಬರಿಗೆ ಹೇಗೂ ಹಳೆಯ ಅಭ್ಯಾಸ ಇರುವುದಿಲ್ಲವಲ್ಲ.

ಇನ್ನು ಗೇಜ್, ಅಂದರೆ ನಳಿಗೆಯ ಅಗಲದ ಅಳತೆ. ನಂಬರ್ ಸಣ್ಣದಾದಷ್ಟೂ ನಳಿಗೆ ಅಗಲ. 12 ಅಥವಾ 20, ಬೇರೆ ಯಾವುದರ ಬಗ್ಗೆಯೂ ಈಗ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ಕೋವಿ ಎಂದರೆ ನಾನು 12 ಎನ್ನುತ್ತೇನೆ. ಅದಕ್ಕೆ ಕಾರಣ ಚರೆ. ಅಮೆರಿಕದಲ್ಲಿ 1991ರಿಂದ ದೇಶಾದ್ಯಂತ ಬಾತು ಬೇಟೆಗೆ ಸೀಸದ ಚರೆ ನಿಷೇಧ. ಕೆರೆಯ ತಳಕ್ಕೆ ಬಿದ್ದ ಸೀಸವನ್ನು ಬಾತುಗಳು ಹರಳು ಅಂದುಕೊಂಡು ನುಂಗುತ್ತವೆ, ಅದು ಹೊಟ್ಟೆಯಲ್ಲಿ ಅರೆದು ವಿಷವಾಗುತ್ತದೆ. ಆ ಬಾತನ್ನು ತಿಂದ ಹದ್ದಿಗೂ ಅದೇ ಗತಿ. ಸರಿಯಾದ ನಿಷೇಧ, ಎರಡು ಮಾತಿಲ್ಲ. ಅದರ ಬದಲು ಬಂದದ್ದು ಸ್ಟೀಲ್. ಸ್ಟೀಲ್ ಸೀಸಕ್ಕಿಂತ ಸುಮಾರು ಮೂರನೇ ಒಂದು ಭಾಗ ಹಗುರ, ದೂರ ಹೋದಂತೆ ಬೇಗ ಸೊರಗುತ್ತದೆ. ಅದಕ್ಕೆ ದಪ್ಪ ಚರೆ ಬೇಕು. ದಪ್ಪ ಚರೆ ಸಾಕಷ್ಟು ಹಿಡಿಯಲು ದೊಡ್ಡ ತೋಟಾ ಬೇಕು. 12 ಗೇಜ್‌ನಲ್ಲಿ ಜಾಗ ಜಾಸ್ತಿ, ತೋಟಾ ಅಗ್ಗ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಮೈಕಟ್ಟು ಸಣ್ಣದಿದ್ದರೆ, ಒದೆತದ ಭಯ ಇದ್ದರೆ, 20 ಗೇಜ್ ಖಂಡಿತ ತೆಗೆದುಕೊಳ್ಳಿ. ನನ್ನ ಹೆಂಡತಿಯದು 20 ಗೇಜ್‌ನ ಕಾಂಪ್ಯಾಕ್ಟ್. ನೀರಿನಲ್ಲಿ ತೇಲಿಬಿಟ್ಟ ಡಿಕಾಯ್ (ನಕಲಿ ಬಾತು) ಮೇಲೆ ಇಳಿಯುವ ಬಾತಿಗೆ ಧಾರಾಳ ಸಾಕು. ಒದೆತಕ್ಕೆ ಹೆದರಿ ಟ್ರಿಗರ್ ಎಳೆಯುವಾಗ ಕಣ್ಣು ಮುಚ್ಚುವವರಿಗೆ 12 ಗೇಜ್ ಇದ್ದೂ ಏನು ಬಂತು?

ಅಂಗಡಿಯಲ್ಲಿ ಖಂಡಿತ ಕೇಳುತ್ತಾರೆ: "ಮೂರೂವರೆ ಇಂಚಿನ ಚೇಂಬರ್ ಬೇಡವಾ?" ಚೇಂಬರ್ ಅಂದರೆ ನಳಿಗೆಯಲ್ಲಿ ತೋಟಾ ಕೂರುವ ಜಾಗ. ಇದಕ್ಕೂ ಕಾರಣ ಸ್ಟೀಲೇ. ಹಗುರ ಚರೆಯ ಕೊರತೆ ತುಂಬಲು ಉದ್ದದ ತೋಟಾ ಬಂತು, 1988ರಲ್ಲಿ ಮಾಸ್‌ಬರ್ಗ್ ಕಂಪನಿಯ 835 ಕೋವಿ ಅದಕ್ಕಾಗಿಯೇ ಬಂತು. ದೊಡ್ಡ ಗೂಸ್ (ಹೆಬ್ಬಾತು) ಹೊಡೆಯುವವರಿಗೆ ಇರಲಿ. ಬಾತಿಗೆ ಮೂರು ಇಂಚಿನ ತೋಟಾ, ಅದರಲ್ಲಿ ಒಂದೂಕಾಲು ಔನ್ಸ್ ತೂಕದ 2 ಅಥವಾ 3ನೇ ನಂಬರ್ ಸ್ಟೀಲ್ ಚರೆ (ನಂಬರ್ ಸಣ್ಣದಾದಷ್ಟೂ ಚರೆ ದಪ್ಪ), ಅಷ್ಟು ಸಾಕು. ಮೂರೂವರೆ ಇಂಚು ಭುಜಕ್ಕೂ ನೋವು, ಜೇಬಿಗೂ ನೋವು.

ಪಂಪ್ ಕೋವಿಯೋ ಸೆಮಿ ಆಟೋನೋ? ಪಂಪ್‌ನಲ್ಲಿ ಪ್ರತಿ ಈಡಿನ ಮೇಲೂ ಮುಂದಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ಮುಂದಿನ ತೋಟಾ ತರಬೇಕು, ಸೆಮಿ ಆಟೋದಲ್ಲಿ ಅದು ತಾನಾಗಿ ಬರುತ್ತದೆ. ರೆಮಿಂಗ್ಟನ್ 870 ಪಂಪ್ ಬಂದದ್ದು 1950ರಲ್ಲಿ, ಇವತ್ತೂ ಅದನ್ನೇ ಹಿಡಿದು ಗದ್ದೆಗೆ ಬರುವವರಿದ್ದಾರೆ. ಪಂಪ್ ಕೆಸರಿಗೆ ಹೆದರುವುದಿಲ್ಲ, ಬೆಲೆ ಕಡಿಮೆ, ಬಿಚ್ಚಿ ಒರೆಸುವುದೂ ಸುಲಭ. ಮಾಸ್‌ಬರ್ಗ್ 500ರಲ್ಲಿ ಸೇಫ್ಟಿ ಕೋವಿಯ ಬೆನ್ನ ಮೇಲಿದೆ, ಹೆಬ್ಬೆರಳಿಗೆ ಸಿಗುತ್ತದೆ. ಎಡಗೈಯವರಿಗೆ ಇದಕ್ಕಿಂತ ಅನುಕೂಲ ಕಷ್ಟ. ಅದೇ ಕಂಪನಿಯ ಮ್ಯಾವರಿಕ್ 88 ಇನ್ನೂ ಅಗ್ಗ. ಸೆಮಿ ಆಟೋದಲ್ಲಿ ಎರಡು ಬಗೆ. ಈಡಿನ ಗ್ಯಾಸ್‌ನಿಂದ ನಡೆಯುವ ಬೆರೆಟ್ಟಾ ಎ300 ತರಹದ್ದು ಮೆತ್ತಗೆ ಒದೆಯುತ್ತದೆ, ಆದರೆ ಮಸಿ ಕಟ್ಟುತ್ತದೆ, ಒರೆಸಬೇಕು. ಒದೆತದ ಬಲದಿಂದಲೇ ನಡೆಯುವ ಬೆನೆಲ್ಲಿಯಂತಹ ಇನರ್ಷಿಯಾ ಕೋವಿ ಒಳಗೆ ಅಷ್ಟು ಗಲೀಜಾಗುವುದಿಲ್ಲ, ಒದೆತ ಮಾತ್ರ ಜೋರು. ಬೆನೆಲ್ಲಿ ಸೂಪರ್ ಬ್ಲ್ಯಾಕ್ ಈಗಲ್ ಎಂದರೆ ಸುಮಾರು 2000 ಡಾಲರ್. ಮೊದಲ ಕೋವಿಗೆ ಅಷ್ಟು ದುಡ್ಡು ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಪಂಪ್ ತೆಗೆದುಕೊಂಡು, ಉಳಿದ ದುಡ್ಡಿನಲ್ಲಿ ಬೇಸಿಗೆ ಪೂರ್ತಿ ಗಾಳಿಗೆ ಎಸೆಯುವ ಮಣ್ಣಿನ ಬಿಲ್ಲೆಗಳಿಗೆ ಹೊಡೆದು ಕಲಿಯಿರಿ.

ಸೆಕೆಂಡ್ ಹ್ಯಾಂಡ್ ಅಂದರೆ ಸ್ವಲ್ಪ ಎಚ್ಚರ. ಹಳೆಯ ನಳಿಗೆಗಳು ಸೀಸದ ಕಾಲದವು. ಬೆಲ್ಜಿಯಂನಲ್ಲಿ ತಯಾರಾದ ಆಟೋ-5 ಎಂಬ ಹಳೆಯ ಸೆಮಿ ಆಟೋ ಕೋವಿಯ ನಳಿಗೆಗೆ ಸ್ಟೀಲ್ ಹಾಕಬೇಡಿ ಎಂದು ಬ್ರೌನಿಂಗ್ ಕಂಪನಿಯೇ ಹೇಳುತ್ತದೆ. ಚಂದದ ಕೋವಿ, ನನಗೂ ಆಸೆ ಇದೆ. ಅದಕ್ಕೆ ಸ್ಟೀಲ್‌ಗಿಂತ ಮೆತ್ತಗಿನ ಬಿಸ್ಮತ್ ಲೋಹದ ಚರೆ ಹಾಕಬೇಕಾಗುತ್ತದೆ, ಅದರ ಬೆಲೆ ಕೇಳಿದರೆ ಆಸೆ ಇಳಿಯುತ್ತದೆ. ಚೋಕ್ (ಚರೆ ಎಷ್ಟು ಚದುರಬೇಕೆಂದು ನಿರ್ಧರಿಸುವ ನಳಿಗೆ ತುದಿಯ ಕೊಳವೆ) ಬದಲಾಯಿಸಬಹುದಾದ ನಳಿಗೆಯೇ ಇರಲಿ, 26 ಅಥವಾ 28 ಇಂಚು. ಸ್ಟೀಲ್ ಹೆಚ್ಚು ಚದುರುವುದಿಲ್ಲ, ಹಾಗಾಗಿ ಇಂಪ್ರೂವ್ಡ್ ಸಿಲಿಂಡರ್ ಅಥವಾ ಮಾಡಿಫೈಡ್ ಎಂಬ ಸಡಿಲ ಚೋಕ್ ಸಾಕು. ಬಿಗಿಯಾದ ಫುಲ್ ಚೋಕ್ ಪೆಟ್ಟಿಗೆಯಲ್ಲೇ ಇರಲಿ.

ಕಾನೂನಿನದ್ದು ಬೇಗ ಹೇಳಿಬಿಡುತ್ತೇನೆ. ವಲಸೆ ಹಕ್ಕಿಗಳ ಬೇಟೆಗೆ ಕೋವಿಯಲ್ಲಿ ಒಟ್ಟು ಮೂರು ತೋಟಾ ಮಾತ್ರ. ಅದಕ್ಕೆ ಮ್ಯಾಗಜಿನ್ ಒಳಗೆ ಪ್ಲಗ್ ಎಂಬ ಕಡ್ಡಿ ಇರಬೇಕು. ಹಳೆಯ ಮಾಲೀಕರು ತೆಗೆದಿಟ್ಟಿರಬಹುದು, ತೋಟಾ ತುಂಬಿಸಿ ಎಣಿಸಿ ನೋಡಿ. 16 ವರ್ಷ ತುಂಬಿದವರಿಗೆ 25 ಡಾಲರ್‌ನ ಫೆಡರಲ್ ಡಕ್ ಸ್ಟ್ಯಾಂಪ್, ಅಂದರೆ ಬಾತು ಬೇಟೆಗೆ ಕೇಂದ್ರ ಸರ್ಕಾರದ ಪರವಾನಗಿ ಚೀಟಿ, ಬೇಕು. 1934ರಿಂದ ನಡೆದುಬಂದ ಪದ್ಧತಿ, ಆ ದುಡ್ಡು ಹಕ್ಕಿಗಳ ಜೌಗು ಉಳಿಸಲು ಹೋಗುತ್ತದೆ. ರಾಜ್ಯದ ಲೈಸೆನ್ಸ್, ಸ್ಟ್ಯಾಂಪ್ ಬೇರೆ. ಗ್ರೀನ್ ಕಾರ್ಡ್ ಇದ್ದವರು ಕೋವಿ ಕೊಳ್ಳಬಹುದು. ಎಚ್-1ಬಿ ಇದ್ದವರು ಸಾಮಾನ್ಯವಾಗಿ ಕೋವಿ ಇಟ್ಟುಕೊಳ್ಳುವ ಹಾಗಿಲ್ಲ, ಅಮೆರಿಕದ ಬೇಟೆ ಲೈಸೆನ್ಸ್ ಇದ್ದರೆ ಮಾತ್ರ ವಿನಾಯಿತಿ. ಇದು ಫೆಡರಲ್ ಕಾನೂನು, ತಪ್ಪಿದರೆ ವೀಸಾಗೇ ಕುತ್ತು. ಮೊದಲು ವಕೀಲರನ್ನು ಕೇಳಿ, ಆಮೇಲೆ ಅಂಗಡಿಗೆ ಹೋಗಿ. ಮನೆಯಲ್ಲಿ ಮಕ್ಕಳಿದ್ದರೆ ಕೋವಿಗಿಂತ ಮುಂಚೆ ಲಾಕರ್ ಬರಲಿ.

ಕೋವಿ ತಂದ ಮೇಲೆ ಸೀದಾ ಗದ್ದೆಗೆ ಇಳಿಯಬೇಡಿ. 40 ಗಜ ದೂರದಲ್ಲಿ ದೊಡ್ಡ ಕಾಗದ ಕಟ್ಟಿ, ಬೇಟೆಗೆ ಬಳಸುವ ತೋಟಾವನ್ನೇ ಹಾಕಿ ಹೊಡೆಯಿರಿ. ಚರೆ ಹೆಚ್ಚು ಬಿದ್ದ ಕಡೆ 30 ಇಂಚಿನ ವೃತ್ತ ಎಳೆದು ತೂತು ಎಣಿಸಿ. ಒಂದೇ ಕೋವಿಗೆ ಎರಡು ಕಂಪನಿಯ ತೋಟಾ ಹಾಕಿದರೆ ಎಷ್ಟು ವ್ಯತ್ಯಾಸ ಬರುತ್ತದೆ ಎಂದು ಇಗೋ ಈ ಎರಡು ಕಾಗದ ನೋಡಿ. ಎಡಗಡೆಯದರಲ್ಲಿ ಒಂದು ಬಾತು ನುಸುಳುವಷ್ಟು ಖಾಲಿ ಜಾಗ ಇದೆ. ಅಗ್ಗಕ್ಕೆ ಸಿಕ್ಕಿತೆಂದು ಆ ತೋಟಾವನ್ನು ಕೇಸ್‌ಗಟ್ಟಲೆ ಕೊಳ್ಳುವ ಮೊದಲು ಇದನ್ನು ಮಾಡಿ.

ಮುಂದಿನ ವಿಡಿಯೋದಲ್ಲಿ 20 ಗೇಜ್ ಬಗ್ಗೆ ನನ್ನ ಹೆಂಡತಿಯೇ ಮಾತಾಡುತ್ತಾಳೆ. ಪ್ರಶ್ನೆ ಇದ್ದರೆ ಈಗಲೇ ಬರೆದಿಡಿ, ಉತ್ತರ ಅವಳದೇ.